54 ಲಕ್ಷದಲ್ಲಿ ಖಾತ್ರಿ ಎಷ್ಟು? ಮೈಸೂರಿನ ಫುಟ್‌ಬಾಲ್ ಆಟಗಾರನೊಬ್ಬನ ಒಪ್ಪಂದದ ಪ್ರಕರಣ

ಈ ಬರಹದಲ್ಲಿ ಆಟಗಾರನ ಹೆಸರಾಗಲಿ ಕ್ಲಬ್ಬಿನ ಹೆಸರಾಗಲಿ ಇಲ್ಲ. ಗುರುತು ಹತ್ತದಿರಲೆಂದು ಮೊತ್ತಗಳನ್ನು ಒಂದೇ ಪ್ರಮಾಣದಲ್ಲಿ ಏರಿಳಿಸಿದೆ, ಮನೆಯವರ ವಿವರಗಳನ್ನೂ ತುಸು ಬದಲಿಸಿದೆ. ದಿನಾಂಕಗಳನ್ನು ಮಾತ್ರ ಮುಟ್ಟಿಲ್ಲ. ಈ ಪ್ರಕರಣ ತಿರುಗಿದ್ದೇ ದಿನಾಂಕಗಳ ಮೇಲೆ.

ಹಿನ್ನೆಲೆ

ಆಟಗಾರ ಮೈಸೂರಿನವನು, ಲೆಫ್ಟ್ ಬ್ಯಾಕ್, ಅಂದರೆ ಎಡಬದಿಯ ರಕ್ಷಣೆಯವನು. ಅಪ್ಪ ರೈಲ್ವೆ ಕಾರ್ಯಾಗಾರದಿಂದ ನಿವೃತ್ತರು. ಸೋದರಮಾವ ಮಂಡ್ಯದಲ್ಲಿ ಸಹಕಾರಿ ಬ್ಯಾಂಕೊಂದರ ಸಾಲದ ಕಡತಗಳನ್ನು ನೋಡಿಕೊಳ್ಳುತ್ತಿದ್ದವರು. ಹುಡುಗ ಮಹಾರಾಜ ಕಾಲೇಜು ಮೈದಾನದಲ್ಲಿ ಆಡಿ ಬೆಳೆದು, 17ನೇ ವಯಸ್ಸಿಗೆ ಬೆಂಗಳೂರು ಸೇರಿ, ಅಲ್ಲಿನ ಸೂಪರ್ ಡಿವಿಷನ್ ಲೀಗ್‌ನಲ್ಲಿ ಕಣ್ಣಿಗೆ ಬಿದ್ದು, 19ಕ್ಕೆ ದೇಶದ ಎರಡನೇ ಹಂತದ ಐ-ಲೀಗ್ ಮಟ್ಟದ ಒಂದು ಕ್ಲಬ್ಬಿಗೆ ಸಹಿ ಹಾಕಿದ.

ಆ ಮೊದಲ ಒಪ್ಪಂದ 2022ರ ಜೂನ್ 1ರಿಂದ 2025ರ ಮೇ 31ರವರೆಗೆ. ತಿಂಗಳಿಗೆ 60,000 ರೂಪಾಯಿ, ಹನ್ನೆರಡೂ ತಿಂಗಳು. ಆ ತಿಂಗಳ ಸಂಬಳ ಮುಂದಿನ ತಿಂಗಳ 10ನೇ ತಾರೀಖಿನೊಳಗೆ. ಕೊನೆಯ ಪುಟದಲ್ಲಿ, ಶಿಸ್ತಿನ ನಿಯಮಗಳ ನಡುವೆ ಹುದುಗಿದ್ದ ಒಂದು ಸಾಲನ್ನು ಮನೆಯಲ್ಲಿ ಯಾರೂ ಓದಿರಲಿಲ್ಲ: 'ಕ್ಲಬ್ ಬಯಸಿದಲ್ಲಿ, 2025ರ ಜನವರಿ 31ರೊಳಗೆ ಲಿಖಿತ ಸೂಚನೆ ಕೊಟ್ಟು, ಇದೇ ಷರತ್ತುಗಳ ಮೇಲೆ ಒಪ್ಪಂದವನ್ನು ಒಂದು ವರ್ಷ ವಿಸ್ತರಿಸಬಹುದು.' ಆಟಗಾರನಿಗೆ ಅಂಥ ಹಕ್ಕೇನೂ ಇರಲಿಲ್ಲ.

ಮೂರನೇ ಋತುವಿನ ಹೊತ್ತಿಗೆ ಅವನು ತಂಡದ ಖಾಯಂ ಆಟಗಾರ. 2024ರ ನವೆಂಬರ್ ಕೊನೆಗೆ ಕ್ಲಬ್ ಹೊಸ ಒಪ್ಪಂದದ ಕರಡು ಕಳಿಸಿತು. ಜೊತೆಗೆ ವ್ಯವಸ್ಥಾಪಕರ ಫೋನು: ಮೂರು ವರ್ಷಕ್ಕೆ 54 ಲಕ್ಷ, ವಾರದೊಳಗೆ ಸಹಿ ಬೇಕು.

ಆ 54 ಲಕ್ಷ ಎಲ್ಲಿತ್ತು

ಅಪ್ಪ ಅದೇ ಸಂಜೆ ಮಂಡ್ಯಕ್ಕೆ ಫೋನು ಹಚ್ಚಿದರು. "ಭಾವ, ಐವತ್ನಾಲ್ಕು ಲಕ್ಷ ಅಂತಾವ್ರೆ. ನಾನು ಸರ್ವೀಸ್ ಪೂರ್ತಿ ದುಡುದ್ರೂ ಅಷ್ಟು ಒಟ್ಟಿಗೆ ಕಂಡೋನಲ್ಲ."

"ಅಷ್ಟೂ ಕೊಡ್ತೀವಿ ಅಂತ ಎಲ್ಲಿ ಬರ್ದವ್ರೆ? ಆ ಸಾಲು ಓದಿ ಹೇಳಿ."

ಅಂಥ ಸಾಲು ಇರಲಿಲ್ಲ. ಮಾರನೇ ದಿನ ಮಾವ ಮೈಸೂರಿಗೆ ಬಂದು ಒಂದು ಹಾಳೆಯ ಮೇಲೆ ನಾಲ್ಕು ಕಂಬ ಎಳೆದರು: ಸುಮ್ಮನೆ ಬರುವ ಹಣ, ಆಡಿದರೆ ಬರುವ ಹಣ, ಗೆದ್ದರೆ ಬರುವ ಹಣ, ಕ್ಲಬ್ ಮನಸ್ಸು ಮಾಡಿದರೆ ಬರುವ ಹಣ. ಒಪ್ಪಂದ ಓದುವುದಕ್ಕೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಮೊದಲ ವರ್ಷ ತಿಂಗಳಿಗೆ 90,000, ಆದರೆ ಆಗಸ್ಟ್‌ನಿಂದ ಮೇವರೆಗೆ ಹತ್ತೇ ತಿಂಗಳು: 9 ಲಕ್ಷ. ಎರಡನೇ ವರ್ಷ 1.1 ಲಕ್ಷದ ಹತ್ತು ತಿಂಗಳು: 11 ಲಕ್ಷ. ಮೂರನೇ ವರ್ಷ 1.3 ಲಕ್ಷದ ಹತ್ತು ತಿಂಗಳು, 13 ಲಕ್ಷ. ಇದು ಕ್ಲಬ್ಬಿನ ಆಪ್ಷನ್, ಅಂದರೆ ಕ್ಲಬ್ ಬಯಸಿದರಷ್ಟೇ. ಮೊದಲ ಹನ್ನೊಂದರಲ್ಲಿ ಆಡಿದ ಪ್ರತಿ ಪಂದ್ಯಕ್ಕೆ 15,000. ವರ್ಷಕ್ಕೆ 20 ಪಂದ್ಯ ಎಂದು ಹಿಡಿದು ಮೂರು ವರ್ಷಕ್ಕೆ 9 ಲಕ್ಷ. ತಂಡ ಮೇಲಿನ ಲೀಗಿಗೆ ಬಡ್ತಿ ಪಡೆದರೆ 6 ಲಕ್ಷ. ಕ್ಲಬ್ಬಿನ ಪ್ರಾಯೋಜಕರು ಆಟಗಾರನ ಚಿತ್ರ ಬಳಸಿಕೊಂಡರೆ ವರ್ಷಕ್ಕೆ 2 ಲಕ್ಷದಂತೆ 6 ಲಕ್ಷ. ಕೂಡಿದರೆ 54 ಸರಿಹೋಗುತ್ತದೆ.

'ಸುಮ್ಮನೆ ಬರುವ' ಕಂಬದಲ್ಲಿ ಉಳಿದದ್ದು 9 ಮತ್ತು 11, ಒಟ್ಟು 20 ಲಕ್ಷ. ಅದೂ ಪೂರ್ತಿಯಲ್ಲ. ಮೊದಲ ಋತು ಮುಗಿದ ಮೇಲೆ ಒಂದು ತಿಂಗಳ ಸಂಬಳ ಕೊಟ್ಟು ಕ್ಲಬ್ ಒಪ್ಪಂದ ಮುಗಿಸಬಹುದು ಎಂಬ ಷರತ್ತು ಬೇರೆ ಕಡೆ ಇತ್ತು. ಅಲ್ಲಿಗೆ ನಿಜವಾದ ಖಾತ್ರಿ 9.9 ಲಕ್ಷ.

ತಿಂಗಳ ಲೆಕ್ಕದಲ್ಲಿ 60,000 ಇದ್ದದ್ದು 90,000 ಆದರೆ ಶೇ. 50 ಏರಿಕೆಯಂತೆ ಕಾಣುತ್ತದೆ. ವರ್ಷದ ಲೆಕ್ಕದಲ್ಲಿ 7.2 ಲಕ್ಷ 9 ಲಕ್ಷವಾಯಿತು, ಅಂದರೆ ಶೇ. 25. ಸಂಬಳವಿಲ್ಲದ ಜೂನ್, ಜುಲೈನಲ್ಲೂ ಒಪ್ಪಂದ ಜಾರಿಯಲ್ಲಿರುತ್ತದೆ. ಬೇರೆ ಕಡೆ ಹಣಕ್ಕೆ ಆಡುವಂತಿಲ್ಲ. ಮಲಪ್ಪುರಂ ಕಡೆಯ ಸೆವೆನ್ಸ್‌ಗೆ (ಏಳೇಳು ಮಂದಿಯ ಫುಟ್‌ಬಾಲ್ ಪಂದ್ಯಾವಳಿ) ಹೋಗಿ ಕಾಲು ಮುರಿದುಕೊಂಡರೆ ಒಪ್ಪಂದವೇ ಮುರಿಯುತ್ತದೆ. ಕಟ್ಟಿಹಾಕುವುದು ಹನ್ನೆರಡು ತಿಂಗಳು, ಮೇವು ಹತ್ತು ತಿಂಗಳು ಅಂದ ಹಾಗಾಯಿತು.

ಕರಡಿನಲ್ಲಿ ಇನ್ನೆರಡು ಗಂಟುಗಳಿದ್ದವು. ವೈದ್ಯಕೀಯ ಪರೀಕ್ಷೆಯಲ್ಲಿ ಪಾಸಾದರಷ್ಟೇ ಒಪ್ಪಂದಕ್ಕೆ ಬೆಲೆ ಎಂಬುದು ಒಂದು. ಫಿಫಾದ ಆಟಗಾರರ ಸ್ಥಾನಮಾನ ಮತ್ತು ವರ್ಗಾವಣೆ ನಿಯಮಾವಳಿಯ 18ನೇ ವಿಧಿ ಇದನ್ನು ಒಪ್ಪುವುದಿಲ್ಲ. ಪರೀಕ್ಷೆ ಮಾಡಿಸುವುದಿದ್ದರೆ ಸಹಿಗೆ ಮುಂಚೆಯೇ ಮಾಡಿಸಬೇಕು. ಒಪ್ಪಂದ ಮುಗಿದ ಮೇಲೂ ಬೇರೆ ಕ್ಲಬ್ಬಿನ ಆಫರ್ ಬಂದರೆ ಮೊದಲು ಈ ಕ್ಲಬ್ಬಿಗೇ ತೋರಿಸಿ, ಅವರು ಅಷ್ಟೇ ಹಣ ಕೊಟ್ಟರೆ ಇಲ್ಲೇ ಉಳಿಯಬೇಕು ಎಂಬುದು ಇನ್ನೊಂದು. ಇಂಥದ್ದೇ ಷರತ್ತು ಕ್ರಿಕೆಟಿಗ ಜಹೀರ್ ಖಾನ್ ಮತ್ತು ಅವರ ಪ್ರಚಾರ ನೋಡಿಕೊಳ್ಳುತ್ತಿದ್ದ ಸಂಸ್ಥೆ ಪರ್ಸೆಪ್ಟ್ ಡಿ'ಮಾರ್ಕ್ ನಡುವಿನ ವ್ಯಾಜ್ಯದಲ್ಲಿ 2006ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಬಂದಿತ್ತು. ಅವಧಿ ಮುಗಿದ ಮೇಲೂ ಕಟ್ಟಿಹಾಕುವ ಷರತ್ತು 1872ರ ಭಾರತೀಯ ಕರಾರು ಕಾಯ್ದೆಯ 27ನೇ ಕಲಮಿನಡಿ ನಿಲ್ಲುವುದಿಲ್ಲ ಎಂದು ಕೋರ್ಟ್ ಹೇಳಿತು. ಮೈಸೂರಿನ ವಕೀಲರು ಈ ಎರಡನ್ನೂ ಮೊದಲ ಪತ್ರದಲ್ಲೇ ತೆಗೆಸಿದರು. ಕ್ಲಬ್ ವಾದಕ್ಕೇ ಇಳಿಯಲಿಲ್ಲ. ಹಳೆಯ ನಮೂನೆಯನ್ನು ಹಾಗೇ ನಕಲು ಮಾಡಿ ಕಳಿಸಿದ್ದರೆಂದು ಕಾಣುತ್ತದೆ.

ಮೊದಲು ಮಾಡಿ ಕೈಬಿಟ್ಟದ್ದು

ವಕೀಲರ ಬಳಿ ಹೋಗುವ ಮುಂಚೆ ಒಬ್ಬ ಮಧ್ಯವರ್ತಿ ಬಂದಿದ್ದ. 'ಎಲ್ಲ ನಾನು ನೋಡ್ಕೋತೀನಿ' ಅಂದವನು ಕೇಳಿದ್ದು ಒಟ್ಟು ಮೊತ್ತದ ಶೇ. 10, ಸಹಿಯ ದಿನವೇ. 54 ಲಕ್ಷದ ಶೇ. 10 ಅಂದರೆ 5.4 ಲಕ್ಷ, ಖಾತ್ರಿ ಹಣದ ಅರ್ಧಕ್ಕಿಂತ ಹೆಚ್ಚು. 2023ರ ಅಕ್ಟೋಬರ್ 1ರಿಂದ ಪೂರ್ತಿ ಜಾರಿಗೆ ಬಂದ ಫಿಫಾ ಏಜೆಂಟ್ ನಿಯಮಗಳ ಪ್ರಕಾರ ಪರವಾನಗಿ ಇಲ್ಲದವರು ಏಜೆಂಟರಾಗುವಂತಿಲ್ಲ. ಫಿಫಾ ಪಟ್ಟಿಯಲ್ಲಿ ಹುಡುಕಿದರೆ ಇವನ ಹೆಸರಿಲ್ಲ. ವಾರ್ಷಿಕ ಸಂಭಾವನೆ 2 ಲಕ್ಷ ಡಾಲರ್ ಒಳಗಿದ್ದರೆ ಆಟಗಾರನ ಕಡೆಯ ಏಜೆಂಟ್ ಶುಲ್ಕಕ್ಕೆ ಶೇ. 5ರ ಮಿತಿಯೂ ಆ ನಿಯಮಗಳಲ್ಲಿತ್ತು. ಯುರೋಪಿನ ಕೋರ್ಟು ಕಟ್ಟಳೆಗಳ ನಡುವೆ 2023ರ ಡಿಸೆಂಬರ್‌ನಲ್ಲಿ ಫಿಫಾ ಆ ಮಿತಿಯ ಜಾರಿಯನ್ನು ತಡೆಹಿಡಿಯಿತು. ಆದರೂ ಚೌಕಾಸಿಗೆ ಕೂತಾಗ ಆ ಶೇ. 5 ಒಳ್ಳೆಯ ಅಳತೆಗೋಲು. ಶುಲ್ಕ ಕೊಡುವುದೇ ಆದರೆ ಕೈಗೆ ಬಂದ ಹಣದ ಮೇಲೆ, ಬಂದಾಗ ಕೊಡಬೇಕು. ಘೋಷಿಸಿದ ಮೊತ್ತದ ಮೇಲೆ ಮುಂಗಡವಾಗಿ ಕೊಡುವುದಲ್ಲ.

ಅಪ್ಪನೂ ಒಂದು ಸುತ್ತು ನೇರ ಮಾತಾಡಿ ನೋಡಿದರು. 'ಸರ್, ನಾವೆಲ್ಲ ಒಂದೇ ಮನೆಯವರಿದ್ದ ಹಾಗೆ' ಎಂಬ ಉತ್ತರ ಬಂತು. ಫೋನಿನಲ್ಲಿ ಸಿಕ್ಕ ಭರವಸೆಗಳು ಮುಂದಿನ ಕರಡಿನಲ್ಲಿ ಒಂದೂ ಕಾಣಲಿಲ್ಲ. ಅಲ್ಲಿಂದ ಮುಂದೆ ಪ್ರತಿ ಫೋನು ಮುಗಿದ ಮೇಲೆ 'ಇಂದು ತಾವು ಹೇಳಿದ್ದು ಇದು' ಎಂದು ಎರಡು ಸಾಲಿನ ಇಮೇಲ್ ಕಳಿಸುವ ಕ್ರಮ ಶುರುವಾಯಿತು.

ಬಾಕಿ ಸಂಬಳ: ಮೊದಲ ತಿರುವು

ಈ ಗದ್ದಲದಲ್ಲಿ ಅಕ್ಟೋಬರ್ ಸಂಬಳ ಬಂದಿರಲಿಲ್ಲ. ಡಿಸೆಂಬರ್ 10 ದಾಟಿದಾಗ ನವೆಂಬರಿನದೂ ಸೇರಿ ಎರಡು ತಿಂಗಳು ಬಾಕಿಯಾಯಿತು: 1.2 ಲಕ್ಷ. 'ಸಂಬಳ ಕೊಡೋವರ್ಗೂ ಟ್ರೈನಿಂಗ್‌ಗೆ ಹೋಗ್ಬೇಡ' ಎಂದು ಸಹ ಆಟಗಾರರು ಹೇಳಿಕೊಟ್ಟರು. ಹುಡುಗ ಅರ್ಧ ಒಪ್ಪಿಯೂ ಆಗಿತ್ತು.

ಇಲ್ಲಿ ತಪ್ಪು ಹೆಜ್ಜೆ ಇಟ್ಟಿದ್ದರೆ ಮುಂದಿನದೆಲ್ಲ ತಲೆಕೆಳಗಾಗುತ್ತಿತ್ತು. 28 ವರ್ಷಕ್ಕೆ ಮುಂಚೆ ಸಹಿ ಹಾಕಿದ ಒಪ್ಪಂದಕ್ಕೆ ಫಿಫಾ ನಿಯಮದಲ್ಲಿ ಮೂರು ಋತುಗಳ ಸಂರಕ್ಷಿತ ಅವಧಿ ಇರುತ್ತದೆ. ಆ ಅವಧಿಯಲ್ಲಿ ನ್ಯಾಯವಾದ ಕಾರಣವಿಲ್ಲದೆ ಒಪ್ಪಂದ ಮುರಿದರೆ ಪರಿಹಾರ ಕೊಡುವುದರ ಜೊತೆಗೆ ನಾಲ್ಕು ತಿಂಗಳು ಅಧಿಕೃತ ಪಂದ್ಯ ಆಡದಂತೆ ನಿರ್ಬಂಧ ಬೀಳಬಹುದು. ಸಂಬಳ ಬಾಕಿ ಇಟ್ಟದ್ದು ಕ್ಲಬ್ಬಿನ ತಪ್ಪು. ನೋಟಿಸ್ ಕೊಡದೆ ಮೈದಾನ ಬಿಟ್ಟರೆ ಅದೇ ಜಗಳದಲ್ಲಿ ತಪ್ಪು ಆಟಗಾರನ ತಲೆಗೆ ಬರುತ್ತದೆ.

ಸರಿಯಾದ ದಾರಿ ಅದೇ ಫಿಫಾ ನಿಯಮಾವಳಿಯ 14ಬಿಸ್ ವಿಧಿಯಲ್ಲಿದೆ. ಕನಿಷ್ಠ ಎರಡು ತಿಂಗಳ ಸಂಬಳ ಗಡುವು ಮೀರಿ ಬಾಕಿ ಉಳಿದರೆ, ಆಟಗಾರ ಲಿಖಿತವಾಗಿ ಕ್ಲಬ್ಬಿಗೆ ತಿಳಿಸಿ, ಕನಿಷ್ಠ 15 ದಿನ ಕಾಲಾವಕಾಶ ಕೊಡಬೇಕು. ಆಮೇಲೂ ಹಣ ಬರದಿದ್ದರೆ ಒಪ್ಪಂದ ಕೊನೆಗೊಳಿಸಲು ಅವನಿಗೆ ನ್ಯಾಯವಾದ ಕಾರಣ ಸಿಗುತ್ತದೆ. ಒಂದೇ ದೇಶದ ಆಟಗಾರ ಮತ್ತು ಕ್ಲಬ್ ನಡುವಿನ ವ್ಯಾಜ್ಯ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಎಐಎಫ್‌ಎಫ್‌ನ ಸ್ವಂತ ನಿಯಮಾವಳಿಯಂತೆ ಅದರ ಪ್ಲೇಯರ್ಸ್ ಸ್ಟೇಟಸ್ ಕಮಿಟಿ ಮುಂದೆ ನಡೆಯುತ್ತದೆ. ವಕೀಲರು ನೋಟಿಸಿನಲ್ಲಿ ಎರಡೂ ನಿಯಮಾವಳಿಗಳನ್ನು ಹೆಸರಿಸಿದರು.

ಡಿಸೆಂಬರ್ 12ರಂದು ನೋಟಿಸ್ ಹೋಯಿತು: ಒಪ್ಪಂದದಲ್ಲಿ ನಮೂದಾದ ಇಮೇಲ್ ವಿಳಾಸಕ್ಕೆ, ಜೊತೆಗೆ ಸ್ವೀಕೃತಿ ಸಹಿತ ರಿಜಿಸ್ಟರ್ಡ್ ಪೋಸ್ಟ್. ಅದರಲ್ಲಿದ್ದದ್ದು ಇಷ್ಟೇ: ಒಪ್ಪಂದದ ದಿನಾಂಕ, ಯಾವ ಯಾವ ತಿಂಗಳು, ಪ್ರತಿಯೊಂದರ ಮೊತ್ತ ಮತ್ತು ಗಡುವು, ಬ್ಯಾಂಕ್ ಖಾತೆಯ ವಿವರ, ಡಿಸೆಂಬರ್ 28ರ ಕೊನೆಯ ದಿನ, ಆಮೇಲೆ ಆ ಎರಡು ನಿಯಮಾವಳಿಗಳಡಿಯ ಹಕ್ಕುಗಳನ್ನು ಬಳಸುವುದಾಗಿ ಒಂದು ವಾಕ್ಯ. ಹೊಸ ಒಪ್ಪಂದದ ಸುದ್ದಿಯೇ ಅದರಲ್ಲಿ ಇರಲಿಲ್ಲ. ಬಾಕಿ ಕೇಳುವ ಪತ್ರದಲ್ಲಿ ಸಂಬಳ ಏರಿಕೆಯ ಮಾತು ಸೇರಿದರೆ ಅದು ಬೆದರಿಕೆಯಂತೆ ಓದಿಸಿಕೊಳ್ಳುತ್ತದೆ. ಹುಡುಗ ಒಂದು ದಿನವೂ ಅಭ್ಯಾಸ ತಪ್ಪಿಸಲಿಲ್ಲ.

ಡಿಸೆಂಬರ್ 26ಕ್ಕೆ ಎರಡೂ ತಿಂಗಳ ಹಣ ಖಾತೆಗೆ ಬಿತ್ತು. ಹೊರಹೋಗುವ ಬಾಗಿಲು ಮುಚ್ಚಿತಲ್ಲ ಎಂದು ಮನೆಯಲ್ಲಿ ಕೆಲವರಿಗೆ ಬೇಸರವೇ ಆಯಿತು. ಆದರೆ ಕ್ಲಬ್ ತಡವಾಗಿ ಕೊಟ್ಟಿದೆ ಎಂಬುದು ಈಗ ಕಾಗದದ ಮೇಲಿತ್ತು. ಹೊಸ ಒಪ್ಪಂದದಲ್ಲಿ ಗಡುವು, ಬಡ್ಡಿ ಕೇಳಲು ಅದೇ ಸಾಕಾಯಿತು. ಇದೇ ಹೊತ್ತಿಗೆ ಮಾವ ಹುಡುಗನ ಪ್ಯಾನ್‌ಗೆ ಜಮೆಯಾದ ತೆರಿಗೆಯ ಪಟ್ಟಿ, ಅಂದರೆ ಫಾರ್ಮ್ 26ಎಎಸ್, ತೆಗೆಸಿ ನೋಡಿದರು. ಸಂಬಳದಲ್ಲಿ ಶೇ. 10 ಟಿಡಿಎಸ್ ಹಿಡಿಯುತ್ತಿದ್ದ ಕ್ಲಬ್ ಒಂದು ತ್ರೈಮಾಸಿಕದ್ದನ್ನು ಪ್ಯಾನ್‌ಗೆ ಜಮೆಯೇ ಮಾಡಿಸಿರಲಿಲ್ಲ. ಇಮೇಲ್ ಹಾಕಿದ ಮೇಲೆ ಅದೂ ಸರಿಯಾಯಿತು. ಆಟಗಾರರು ಬ್ಯಾಂಕ್ ಪಾಸ್‌ಬುಕ್ ನೋಡುತ್ತಾರೆ, 26ಎಎಸ್ ನೋಡುವವರು ಕಡಿಮೆ.

ಜನವರಿ 31: ಎರಡನೇ ತಿರುವು

ಒಪ್ಪಂದ ಮುಗಿಯಲು ಆರು ತಿಂಗಳು ಉಳಿದಾಗಿನಿಂದ ಆಟಗಾರ ಬೇರೆ ಕ್ಲಬ್ಬಿನೊಡನೆ ಮುಂದಿನ ಒಪ್ಪಂದ ಮಾಡಿಕೊಳ್ಳಬಹುದು. ಇವನಿಗೆ ಆ ದಿನ ಡಿಸೆಂಬರ್ 1. ಮಾತುಕತೆಗೆ ಮುಂಚೆ ಹೊಸ ಕ್ಲಬ್ ಈಗಿನ ಕ್ಲಬ್ಬಿಗೆ ಲಿಖಿತವಾಗಿ ತಿಳಿಸಬೇಕು. ನವೆಂಬರಿನಲ್ಲಿ ಒಂದು ಕ್ಲಬ್ ಯಾರ ಮೂಲಕವೋ '1.1 ಲಕ್ಷ ಕೊಡ್ತೀವಿ' ಎಂದು ಹೇಳಿಸಿತ್ತು. ಮಾವ ಆ ಬಾಯಿಮಾತಿಗೆ ತಮ್ಮ ಹಾಳೆಯಲ್ಲಿ ಸೊನ್ನೆ ಬರೆದರು. ಡಿಸೆಂಬರ್‌ನಲ್ಲಿ ಲಿಖಿತ ಆಫರ್ ಕೇಳಿದಾಗ, ಸಂಕ್ರಾಂತಿ ಕಳೆದ ಮೇಲೆ ಒಂದು ಪುಟದ ಪತ್ರ ಬಂತು: ತಿಂಗಳಿಗೆ 1 ಲಕ್ಷ, 11 ತಿಂಗಳು, ಒಂದೇ ವರ್ಷ. ಬಾಯಿಮಾತಿಗಿಂತ ಕಡಿಮೆ, ಆದರೆ ಕೈಯಲ್ಲಿ ಹಿಡಿಯಬಹುದಾದದ್ದು. ಆ 11 ಲಕ್ಷ ಮನೆಯವರ ಕನಿಷ್ಠ ಗೆರೆಯಾಯಿತು.

ತೊಡಕು ಹಳೆಯ ಆಪ್ಷನ್ ಷರತ್ತಿನದು. ಅದು ಊರ್ಜಿತವಾದರೆ ಇವನು ಇನ್ನೊಂದು ವರ್ಷ 60,000ಕ್ಕೇ ಆಡಬೇಕು. ಈಗಲೇ ಸಹಿ ಹಾಕಿದರೆ ಆ ಭಯವಿಲ್ಲ ಎಂದು ಅಪ್ಪ. ಜನವರಿ 31 ದಾಟಲಿ, ಆಮೇಲೆ ಅವನು ಸ್ವತಂತ್ರ ಎಂದು ಮಾವ. ಎರಡೂ ಕಡೆ ತೂಕವಿತ್ತು. ಕಾಯುವ ನಡುವೆ ಮಂಡಿಯ ಎಸಿಎಲ್ ಎಂಬ ಅಸ್ಥಿರಜ್ಜು ಹರಿದರೆ ಎರಡೂ ಕ್ಲಬ್ಬುಗಳ ಆಫರ್ ಆವಿಯಾಗುತ್ತದೆ. ವಕೀಲರು ನಡುದಾರಿ ಹಿಡಿದರು: ಮಾತುಕತೆ ನಿಲ್ಲಿಸುವುದಿಲ್ಲ, ಪ್ರತಿ ಷರತ್ತಿಗೂ ಪ್ರಾಮಾಣಿಕವಾಗಿ ಪ್ರಶ್ನೆ ಕೇಳುತ್ತೇವೆ, ಆದರೆ ಆಪ್ಷನ್ ಬಗ್ಗೆ ನಾವಾಗಿ ಬಾಯಿ ಬಿಡುವುದಿಲ್ಲ. 'ಎನ್‌ಒಸಿ ಕೊಡ್ದಿದ್ರೆ?' ಎಂಬುದು ಅಪ್ಪನ ಇನ್ನೊಂದು ಅಳುಕು, ಜಿಲ್ಲಾ ಲೀಗಿನ ದಿನಗಳಿಂದ ಬಂದದ್ದು. ವೃತ್ತಿಪರ ಒಪ್ಪಂದದ ಅವಧಿ ಮುಗಿದ ಮೇಲೆ ಹಳೆಯ ಕ್ಲಬ್ಬಿನ ಕೃಪೆ ಬೇಕಿಲ್ಲ. ಅವಧಿ ಮುಗಿದಿದೆಯೇ ಎಂಬುದೇ ಪ್ರಶ್ನೆ.

ಜನವರಿ 30ರ ಸಂಜೆ ವ್ಯವಸ್ಥಾಪಕರಿಂದ ಹುಡುಗನಿಗೆ ವಾಟ್ಸ್‌ಆ್ಯಪ್ ಸಂದೇಶ ಬಂತು: ಕ್ಲಬ್ ಆಪ್ಷನ್ ಬಳಸಿಕೊಳ್ಳುತ್ತಿದೆ, ಅಭಿನಂದನೆ. ಹುಡುಗ ಉತ್ತರವಾಗಿ ಹೆಬ್ಬೆರಳಿನ ಇಮೋಜಿ ಒತ್ತುವವನಿದ್ದ. ಅಷ್ಟರಲ್ಲಿ ಮಾವನಿಗೆ ಫೋನು ಮಾಡಿದ.

"ಮಾವ, ಏನಾದ್ರೂ ರಿಪ್ಲೈ ಮಾಡ್ಬೇಕಾ?"

"ಏನೂ ಒತ್ಬೇಡ ಕಣಪ್ಪ. ಸ್ಕ್ರೀನ್‌ಶಾಟ್ ತೆಗ್ದು ವಕೀಲರಿಗೆ ಕಳ್ಸು."

ಆ ಹೆಬ್ಬೆರಳು ಒಪ್ಪಿಗೆಯಾಗಿ ಓದಿಸಿಕೊಳ್ಳುವ ಅಪಾಯವಿತ್ತು. ಫೆಬ್ರವರಿ 1ರಂದು ವಕೀಲರ ಇಮೇಲ್ ಹೋಯಿತು. ಮೊದಲ ಅಂಶ ರೂಪದ್ದು: ಒಪ್ಪಂದದ ಸೂಚನೆ ಷರತ್ತಿನಲ್ಲಿ ಅಂಚೆ ಅಥವಾ ನಮೂದಿತ ಇಮೇಲ್ ಎಂದಿದೆ, ವಾಟ್ಸ್‌ಆ್ಯಪ್ ಇಲ್ಲ, ಗಡುವು ಮುಗಿದಿದೆ. ಎರಡನೆಯದು ತಿರುಳಿನದು. ಒಂದೇ ಕಡೆಯವರಿಗೆ ವಿಸ್ತರಿಸುವ ಹಕ್ಕು ಕೊಡುವ ಆಪ್ಷನ್‌ಗಳನ್ನು ಫುಟ್‌ಬಾಲ್ ನ್ಯಾಯಮಂಡಳಿಗಳು ಕಣ್ಣುಮುಚ್ಚಿ ಒಪ್ಪುವುದಿಲ್ಲ. ಪ್ರಾಧ್ಯಾಪಕ ವುಲ್ಫ್‌ಗಾಂಗ್ ಪೋರ್ಟ್‌ಮನ್ ಹೆಸರಿನ ಮಾನದಂಡಗಳು ಅಲ್ಲಿ ಚಾಲ್ತಿಯಲ್ಲಿವೆ: ಒಟ್ಟು ಅವಧಿ ಅತಿಯಾಗಿರಬಾರದು, ಸೂಚನೆ ಅವಧಿ ಮುಗಿಯುವ ಎಷ್ಟೋ ಮುಂಚೆ ಬರಬೇಕು, ವಿಸ್ತರಣೆಯ ಸಂಬಳ ಮೊದಲೇ ನಮೂದಾಗಿರಬೇಕು, ಒಬ್ಬ ಇನ್ನೊಬ್ಬನ ದಯೆಯಲ್ಲಿ ಬದುಕುವಂತಿರಬಾರದು, ಷರತ್ತು ಒಪ್ಪಂದದಲ್ಲಿ ಎದ್ದು ಕಾಣಬೇಕು. ಉರುಗ್ವೆಯ ಪೆನ್ಯಾರೋಲ್ ಕ್ಲಬ್ ಪ್ಯಾರಿಸ್ಸಿನ ಪಿಎಸ್‌ಜಿ ಕ್ಲಬ್ ವಿರುದ್ಧ ಹೂಡಿದ್ದ ಪ್ರಕರಣದಲ್ಲಿ ಲೊಸಾನ್‌ನ ಕ್ರೀಡಾ ಪಂಚಾಯಿತಿ ನ್ಯಾಯಾಲಯ ಸಿಎಎಸ್ ಇಂಥ ಏಕಪಕ್ಷೀಯ ವಿಸ್ತರಣೆಯನ್ನು ತಳ್ಳಿಹಾಕಿತ್ತು. ನಮ್ಮ ಹುಡುಗನ ಷರತ್ತಿನಲ್ಲಿ ಒಂದು ರೂಪಾಯಿ ಏರಿಕೆ ಇರಲಿಲ್ಲ, ಅದು ಇದ್ದದ್ದು ಶಿಸ್ತಿನ ನಿಯಮಗಳ ನಡುವೆ.

ಇಷ್ಟಿದ್ದೂ ಗೆಲುವು ಖಚಿತ ಎಂದು ವಕೀಲರು ಹೇಳಲಿಲ್ಲ. ಆ ಮಾನದಂಡಗಳು ಕಲ್ಲಿನಲ್ಲಿ ಕೊರೆದ ಕಾನೂನಲ್ಲ, ಪ್ರಕರಣದಿಂದ ಪ್ರಕರಣಕ್ಕೆ ತೂಗುತ್ತಾರೆ. ವಾಟ್ಸ್‌ಆ್ಯಪ್ ಕೂಡ 'ಲಿಖಿತ'ವೇ ಎಂದು ವಾದಿಸಲು ಎಡೆಯಿತ್ತು. ವ್ಯಾಜ್ಯ ಬೇಸಿಗೆಯ ನೋಂದಣಿ ಅವಧಿಗೆ (ಕ್ಲಬ್ಬುಗಳು ಹೊಸ ಆಟಗಾರರನ್ನು ಸೇರಿಸಿಕೊಳ್ಳಬಹುದಾದ ದಿನಗಳಿಗೆ) ಎಳೆದುಕೊಂಡರೆ ಹುಡುಗ ಅತ್ತಲೂ ಇಲ್ಲ ಇತ್ತಲೂ ಇಲ್ಲ. ಕ್ಲಬ್ಬಿಗೆ ಇನ್ನೊಂದು ಭಯ: ಸೋತರೆ ಖಾಯಂ ಲೆಫ್ಟ್ ಬ್ಯಾಕ್ ಬಿಡಿಗಾಸಿಲ್ಲದೆ ಕೈಬಿಟ್ಟು ಹೋಗುತ್ತಾನೆ. ಇಬ್ಬರ ಕೈಯೂ ಅರೆಬಲದ್ದಾದ ಮೇಲೆಯೇ ನಿಜವಾದ ಚೌಕಾಸಿ ಶುರುವಾಯಿತು. ಅಲ್ಲಿಯವರೆಗೆ ನಡೆದದ್ದು ಬರೀ ಕರಡು ವಿನಿಮಯ.

ಯಾವುದಕ್ಕೆ ಯಾವುದನ್ನು ಬಿಟ್ಟರು

ಕ್ಲಬ್ಬಿನವರು ಮೈಸೂರಿಗೆ ಬಂದು ಹೋಟೆಲಿನಲ್ಲಿ ಕೂತು ಅಲ್ಲೇ ಸಹಿ ಮುಗಿಸುವ ಇಂಗಿತ ತೋರಿದರು. ಮನೆಯವರು ಮಾತಿಗೆ ಕೂತರು, ಪೆನ್ನು ತೆಗೆಯಲಿಲ್ಲ. ಮಾವ ಮೊದಲೇ ತೀರ್ಮಾನಿಸಿದ್ದು: 'ಆಡಿದರೆ', 'ಗೆದ್ದರೆ' ಕಂಬಗಳಿಂದ ಹಣ ಕಿತ್ತು 'ಸುಮ್ಮನೆ ಬರುವ' ಕಂಬಕ್ಕೆ ಹಾಕಬೇಕು. ಹೀಗಾಗಿ ಕ್ಲಬ್ಬಿನ ಒಟ್ಟು ಬಜೆಟ್ ಹೆಚ್ಚು ಹಿಗ್ಗಲಿಲ್ಲ, ಒಪ್ಪುವುದೂ ಸುಲಭವಾಯಿತು.

ಪಂದ್ಯದ ಬೋನಸ್ 15,000 ಇದ್ದದ್ದನ್ನು 6,000ಕ್ಕೆ ಇಳಿಸಲು ಮನೆಯವರು ಒಪ್ಪಿದರು. ಚಿತ್ರ ಬಳಕೆಯ 2 ಲಕ್ಷ ಬಿಟ್ಟರು. ಬೂಟಿನ ಪ್ರಾಯೋಜಕತ್ವ ಮಾತ್ರ ಆಟಗಾರನದೇ. ಬಡ್ತಿ ಬೋನಸ್ 6ರಿಂದ 3 ಲಕ್ಷ. ಬದಲಿಗೆ ಹನ್ನೆರಡೂ ತಿಂಗಳ ಸಂಬಳ ಸಿಕ್ಕಿತು: ಮೊದಲ ವರ್ಷ 95,000, ಎರಡನೇ ವರ್ಷ 1.2 ಲಕ್ಷ. 11.4 ಮತ್ತು 14.4, ಒಟ್ಟು 25.8 ಲಕ್ಷ. ಎರಡೇ ವರ್ಷ, ಯಾರಿಗೂ ಆಪ್ಷನ್ ಇಲ್ಲ. ಕಾರಣವಿಲ್ಲದೆ ಕ್ಲಬ್ ಮುಗಿಸಿದರೆ ಉಳಿದ ಅವಧಿಯ ಪೂರ್ತಿ ಸಂಬಳ 30 ದಿನದಲ್ಲಿ ಕೊಡಬೇಕು. ಸಂಬಳದ ಗಡುವು ಮುಂದಿನ ತಿಂಗಳ 7. ಮೀರಿದರೆ ವರ್ಷಕ್ಕೆ ಶೇ. 12 ಬಡ್ಡಿ. ವರ್ಷದ ಆದಾಯ 20 ಲಕ್ಷದೊಳಗೇ ಇದ್ದುದರಿಂದ ಜಿಎಸ್‌ಟಿ ನೋಂದಣಿಯ ತಲೆನೋವು ಬರಲಿಲ್ಲ.

ಹೆಚ್ಚು ಹೊತ್ತು ಹಿಡಿದದ್ದು ಮೂರು ಷರತ್ತುಗಳು. ಗಾಯದ್ದು ಒಂದು. ಕ್ಲಬ್ ಆರು ತಿಂಗಳು ಪೂರ್ತಿ ಸಂಬಳ ಎಂದಿತು. ಎಸಿಎಲ್ ಶಸ್ತ್ರಚಿಕಿತ್ಸೆಯಾದವನು ಮೈದಾನಕ್ಕೆ ಮರಳಲು ಸಾಮಾನ್ಯವಾಗಿ ಒಂಬತ್ತು ತಿಂಗಳಾದರೂ ಬೇಕು. ಆರು ತಿಂಗಳಿಗೆ ಸಂಬಳ ನಿಂತರೆ ಆಟಗಾರ ಅವಸರಕ್ಕೆ ಬಿದ್ದು ಮತ್ತೆ ಹರಿದುಕೊಳ್ಳುತ್ತಾನೆ. ಹನ್ನೆರಡು ಕೇಳಿ ಒಂಬತ್ತಕ್ಕೆ ನಿಂತರು. ಇನ್ನೊಬ್ಬ ಸರ್ಜನ್‌ನ ಅಭಿಪ್ರಾಯ ಪಡೆಯುವ ಹಕ್ಕೂ ಸೇರಿತು.

ಎರಡನೆಯದು ಬಿಡುಗಡೆ ಮೊತ್ತ. ಮೇಲಿನ ಲೀಗಾದ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಕ್ಲಬ್ ಬಯಸಿದರೆ ಎಷ್ಟು ಕೊಟ್ಟು ಕರೆದೊಯ್ಯಬಹುದು? ಮನೆಯವರು 10 ಲಕ್ಷ, ಕ್ಲಬ್ 30 ಲಕ್ಷ, 20ಕ್ಕೆ ಇತ್ಯರ್ಥ. ನೋಂದಣಿ ಅವಧಿ ಮುಗಿಯುವ 15 ದಿನ ಮುಂಚೆ ಹಣ ಬರಬೇಕು. ಆ ಸಾಲಿಲ್ಲದಿದ್ದರೆ ಕೊನೆಯ ರಾತ್ರಿ ಆಟಗಾರ ಹೋಗಿ ಕ್ಲಬ್ಬಿಗೆ ಬದಲಿ ಸಿಗುವುದಿಲ್ಲ. ಇದು ಕ್ಲಬ್ಬಿನ ನ್ಯಾಯವಾದ ಬೇಡಿಕೆ.

ಮೂರನೆಯದು ಬಡ್ತಿಯ ವ್ಯಾಖ್ಯೆ. 2022–23ರಿಂದ ಐ-ಲೀಗ್ ಗೆದ್ದ ತಂಡಕ್ಕೆ ಐಎಸ್‌ಎಲ್ ಬಾಗಿಲು ತೆರೆದಿತ್ತು. 'ತಂಡ ಬಡ್ತಿ ಪಡೆದರೆ' ಎಂದಷ್ಟೇ ಬರೆದರೆ ಯಾವ ದಿನ, ಯಾರ ಘೋಷಣೆ? ಮೇಲ್ಮನವಿಗಳೆಲ್ಲ ಮುಗಿದ ಅಂತಿಮ ತೀರ್ಪಿನಿಂದ 30 ದಿನದಲ್ಲಿ ಎಂದು ವಕೀಲರು ಬರೆಸಿದರು. ಕ್ಲಬ್ಬಿನವರಿಗೆ ಇದು ಕೂದಲು ಸೀಳಿದಂತೆ ಕಂಡಿತು. ಆದರೆ ಅದೇ ಋತುವಿನ ಐ-ಲೀಗ್ ಪ್ರಶಸ್ತಿ ಏಪ್ರಿಲ್‌ನಲ್ಲಿ ಎಐಎಫ್‌ಎಫ್ ಮೇಲ್ಮನವಿ ಸಮಿತಿಯ ನಿರ್ಧಾರದಿಂದ ಚರ್ಚಿಲ್ ಬ್ರದರ್ಸ್ ಪಾಲಾಗಿ, ಜುಲೈನಲ್ಲಿ ಸಿಎಎಸ್ ತೀರ್ಪಿನಿಂದ ಇಂಟರ್ ಕಾಶಿ ಪಾಲಾಯಿತು.

ಬೋನಸ್‌ಗಳನ್ನು ಪ್ರತ್ಯೇಕ ಪತ್ರದಲ್ಲಿ ಕೊಡುವ ಸಲಹೆಯನ್ನು ಮನೆಯವರು ನಿರಾಕರಿಸಿದರು. ನೋಂದಣಿಗೆ ಸಲ್ಲಿಸುವುದು ಒಪ್ಪಂದದ ಪ್ರತಿ. ಸಲ್ಲಿಸದ ಪಕ್ಕಪತ್ರವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಬಿಡುವುದು ತೀರ್ಪು ಕೊಡುವವರ ವಿವೇಚನೆ. ಮಾರ್ಚ್ 6ಕ್ಕೆ ಸಹಿಯಾಯಿತು: ಪ್ರತಿ ಪುಟಕ್ಕೂ ಇಬ್ಬರ ಸಹಿ, ಮೂರು ಮೂಲಪ್ರತಿ, ಒಂದು ಆಟಗಾರನ ಕೈಗೆ ಅಲ್ಲೇ. ಹಳೆಯ ಆಪ್ಷನ್ ಬಗ್ಗೆ ಯಾರಿಗೂ ಯಾವ ಹಕ್ಕೂ ಉಳಿದಿಲ್ಲ ಎಂಬ ಒಂದು ಸಾಲೂ ಸೇರಿತು. ವಕೀಲರ ಶುಲ್ಕ 25,000. ಮಧ್ಯವರ್ತಿ ಕೇಳಿದ್ದರ ಇಪ್ಪತ್ತನೇ ಒಂದು ಪಾಲೂ ಅಲ್ಲ.

ಆಮೇಲೆ

2010ರಲ್ಲಿ ಎಐಎಫ್‌ಎಫ್ 15 ವರ್ಷಕ್ಕೆ ಮಾಡಿಕೊಂಡಿದ್ದ ವಾಣಿಜ್ಯ ಹಕ್ಕುಗಳ ಒಪ್ಪಂದ ನವೀಕರಣವಾಗದೆ, 2025ರ ಜುಲೈನಲ್ಲಿ ಐಎಸ್‌ಎಲ್ ಆಯೋಜಕರು ಲೀಗನ್ನು ತಡೆಹಿಡಿದರು. ಬಿಸಿ ಕೆಳಗಿನ ಹಂತಕ್ಕೂ ತಟ್ಟಿತು. ಆಗಸ್ಟ್‌ನಲ್ಲಿ ಈ ಕ್ಲಬ್ಬಿನಿಂದ ಪತ್ರ: ಇದು ದೈವಾಧೀನ ಸಂದರ್ಭ, ವೇಳಾಪಟ್ಟಿ ಬರುವವರೆಗೆ ಅರ್ಧ ಸಂಬಳ.

ಹೊಸ ಒಪ್ಪಂದದಲ್ಲಿ ದೈವಾಧೀನ ಸಂದರ್ಭವೆಂದರೆ ಏನೇನು ಎಂದು ಪಟ್ಟಿಯಿತ್ತು: ಯುದ್ಧ, ಸಾಂಕ್ರಾಮಿಕ, ಸರ್ಕಾರದ ನಿಷೇಧ, ಪ್ರಕೃತಿ ವಿಕೋಪ. ಲೀಗ್ ತಡವಾಗುವುದು ಅದಲ್ಲ ಎಂದು ಬೇರೆಯಾಗಿ ಬರೆದಿತ್ತು. ವಕೀಲರು ಆ ಸಾಲನ್ನು ಉಲ್ಲೇಖಿಸಿದರು, ಆದರೆ ಜಗಳಕ್ಕೆ ನಿಲ್ಲಲಿಲ್ಲ. ಕ್ಲಬ್ಬಿನ ಬಳಿ ನಿಜಕ್ಕೂ ಹಣವಿರಲಿಲ್ಲ. ಮುಚ್ಚಿಹೋದ ಕ್ಲಬ್ಬಿನ ಮೇಲೆ ತೀರ್ಪು ಗೆದ್ದು ಏನು ಬಂತು? ಎರಡು ತಿಂಗಳು ಶೇ. 25, ಅಂದರೆ ಒಟ್ಟು 47,500 ರೂಪಾಯಿ, ಡಿಸೆಂಬರ್ 31ಕ್ಕೆ ಮುಂದೂಡಲು ಒಪ್ಪಿದರು. ಕಡಿತ ಅಲ್ಲ, ಮುಂದೂಡಿಕೆ; ತಿದ್ದುಪಡಿ ಪತ್ರದಲ್ಲಿ ಆ ವ್ಯತ್ಯಾಸವನ್ನು ಸ್ಪಷ್ಟವಾಗಿ ಬರೆಸಿ ಫೆಡರೇಷನ್‌ಗೂ ಕಳಿಸಿದರು. ಹಣ ಒಂಬತ್ತು ದಿನ ತಡವಾಗಿ ಬಂತು. ಬಡ್ಡಿ ಕೇಳಲಿಲ್ಲ. ಹಳೆಯ ನಮೂನೆಗೇ ಸಹಿ ಹಾಕಿದ್ದ ಇಬ್ಬರು ಸಹ ಆಟಗಾರರಿಗೆ ಜೂನ್, ಜುಲೈ ಸಂಬಳವೇ ಇರಲಿಲ್ಲ, ಆಗಸ್ಟ್‌ನಿಂದ ಅರ್ಧ.

ಇದೇ ಸ್ಥಿತಿಯಲ್ಲಿರುವವರಿಗೆ

ಕರಡು ಬಂದ ದಿನ ಮೊತ್ತದ ಬಗ್ಗೆ ಮಾತಾಡುವ ಮುಂಚೆ ಹಳೆಯ ಒಪ್ಪಂದವನ್ನು ತೆಗೆದು ಓದಬೇಕು. ಅದರಿಂದ ನಾಲ್ಕು ದಿನಾಂಕ ಎತ್ತಿ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ: ಸಂಬಳದ ಗಡುವು, ಆಪ್ಷನ್ ಸೂಚನೆಯ ಕೊನೆಯ ದಿನ, ಕೊನೆಯ ಆರು ತಿಂಗಳು ಶುರುವಾಗುವ ದಿನ, ನೋಂದಣಿ ಅವಧಿ ತೆರೆದು ಮುಚ್ಚುವ ದಿನ. ಸೂಚನೆ ಯಾವ ವಿಳಾಸಕ್ಕೆ, ಯಾವ ರೂಪದಲ್ಲಿ ಹೋಗಬೇಕು ಎಂಬ ಷರತ್ತನ್ನೂ ಪಕ್ಕದಲ್ಲಿ ಬರೆದುಕೊಳ್ಳಿ. ಇಲ್ಲಿ ಕ್ಲಬ್ಬಿಗೆ ಕೈಕೊಟ್ಟದ್ದು ಅದೇ ಷರತ್ತು; ನಾಳೆ ಆಟಗಾರನಿಗೂ ಕೈಕೊಡಬಹುದು. ಎಐಎಫ್‌ಎಫ್ ನಿಯಮಾವಳಿಯ ಆ ಋತುವಿನ ಆವೃತ್ತಿಯನ್ನೇ ನೋಡಬೇಕು, ಯಾರೋ ಕಳಿಸಿದ ಹಳೆಯ ಪಿಡಿಎಫ್ ಅಲ್ಲ.

ಈ ಮನೆಯವರು ಗಟ್ಟಿಯಾಗಿ ಹಿಡಿಯದೆ ಬಿಟ್ಟದ್ದು ವಿಮೆ. 'ಕ್ಲಬ್ ಆಟಗಾರನಿಗೆ ವಿಮೆ ಒದಗಿಸತಕ್ಕದ್ದು' ಎಂದು ಒಂದು ಸಾಲಿದೆ. ಎಷ್ಟು ಮೊತ್ತಕ್ಕೆ, ಅಭ್ಯಾಸದ ಗಾಯಕ್ಕೂ ಅನ್ವಯವೇ, ಪ್ರೀಮಿಯಂ ಕಟ್ಟಿದ್ದಕ್ಕೆ ರುಜುವಾತು ಏನು ಎಂಬುದಿಲ್ಲ. ಪಾಲಿಸಿಯ ಪ್ರತಿ ಕೇಳಿ ಮೂರು ಇಮೇಲ್ ಹೋಗಿವೆ, ಉತ್ತರ ಬಂದಿಲ್ಲ. ಆ ಸಾಲು ಹೀಗಿರಬೇಕಿತ್ತು: ವಿಮಾ ಮೊತ್ತ ಇಷ್ಟು, ಪಂದ್ಯ ಅಭ್ಯಾಸ ಪ್ರಯಾಣ ಮೂರಕ್ಕೂ ಅನ್ವಯ, ಪಾಲಿಸಿಯ ಪ್ರತಿ ಒಪ್ಪಂದ ಜಾರಿಗೆ ಬಂದ 15 ದಿನದೊಳಗೆ ಆಟಗಾರನ ಕೈಗೆ, ಇಲ್ಲದಿದ್ದರೆ ಆಟಗಾರನೇ ಪಾಲಿಸಿ ಕೊಂಡು ಪ್ರೀಮಿಯಮ್ಮನ್ನು ಕ್ಲಬ್ಬಿನಿಂದ ವಸೂಲು ಮಾಡಬಹುದು. ಸದ್ಯಕ್ಕೆ ಮಾವ ಹುಡುಗನ ಹೆಸರಲ್ಲಿ ಸ್ವಂತ ಖರ್ಚಿನ ಅಪಘಾತ ಪಾಲಿಸಿಗೆ ಅರ್ಜಿ ಹಾಕಿಸಿದ್ದಾರೆ, ವೃತ್ತಿಪರ ಕ್ರೀಡೆಯ ಗಾಯವನ್ನು ಹೊರಗಿಟ್ಟಿದೆಯೇ ಎಂದು ಏಜೆಂಟರಿಂದ ಲಿಖಿತವಾಗಿ ಕೇಳಿದ ಮೇಲೆ.